ಇಂಗ್ಲೆಂಡಿನಲ್ಲಿ ಬಡವರ ವೈದ್ಯದ ಗುತ್ತಿಗೆ

ಊರಿನ ಆರೋಗ್ಯರಕ್ಷಣೆಯನ್ನು ಅಧಿಕಾರಿಗಳು ತಾವೇ ನಡೆಸದೆ, ಒಪ್ಪಂದ ಮಾಡಿಕೊಂಡು ಹೊರಗಿನವರಿಗೆ ವಹಿಸುವ ಪದ್ಧತಿಯು ಈಚಿನದೆಂದು ಅನೇಕರು ಭಾವಿಸಿರುವರು. ಇಂಗ್ಲೆಂಡಿನ ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ಅನೇಕ ಪ್ಯಾರಿಷ್‌ಗಳು ತಮ್ಮ ಬಡವರ ಚಿಕಿತ್ಸೆಯನ್ನು ವರ್ಷಕ್ಕೆ ಇಷ್ಟು ಹಣವೆಂದು ಸ್ಥಳದ ವೈದ್ಯನೊಬ್ಬನಿಗೆ ಒಪ್ಪಿಸುತ್ತಿದ್ದುವು. ನಮ್ಮ ಶಾಸನಗಳಲ್ಲಿ ಭೂಮಿಯ ವಿಷಯವಾಗಿ ಬರುವ ‘ಗುತ್ತಗೆ’ಯನ್ನೇ ರೋಗಿಯ ಶರೀರಕ್ಕೂ ಅನ್ವಯಿಸಿದಂತಿದೆ!

೧೮೩೪ನೆಯ ಇಸವಿಯ ಕಾನೂನಿನಿಂದ ಪ್ಯಾರಿಷ್‌ಗಳು ಯೂನಿಯನ್ನುಗಳಾಗಿ ಕೂಡಿ, ಬಡವರ ಪೋಷಣೆಯ ಭಾರವು ಚುನಾಯಿತ ಮಂಡಲಿಗಳಿಗೆ ಬಂದಿತು. ತೆರಿಗೆಯನ್ನು ತಗ್ಗಿಸುವುದೇ ಇವುಗಳ ಮುಖ್ಯ ಚಿಂತೆಯಾಗಿದ್ದುದರಿಂದ, ಟೆಂಡರು ಕರೆದು, ಕಡಮೆ ಹಣಕ್ಕೆ ಒಪ್ಪಿದ ವೈದ್ಯನನ್ನು ಗೊತ್ತುಮಾಡುವ ರೂಢಿ ಹಬ್ಬಿತು. ಸಂಬಳವು ಅಲ್ಪವಾದುದೊಂದೇ ಇದರ ದೋಷವಲ್ಲ. ಔಷಧಗಳ ಬೆಲೆಯೂ ಸಾಮಾನ್ಯವಾಗಿ ಆ ಸಂಬಳದಲ್ಲಿಯೇ ಅಡಕವಾಗಿದ್ದಿತು. ರೋಗಿಗಳು ಹೆಚ್ಚಿದಷ್ಟೂ, ಮದ್ದು ಉತ್ತಮವಾದಷ್ಟೂ ವೈದ್ಯನಿಗೆ ನಷ್ಟ. ೧೮೪೨ರ ವೈದ್ಯಕೀಯ ಆಜ್ಞೆಯು ಟೆಂಡರನ್ನು ನಿಷೇಧಿಸಿತು. ಒಬ್ಬ ವೈದ್ಯನ ವಲಯವು ೧೫,೦೦೦ ಎಕರೆಯನ್ನಾಗಲಿ ೧೫,೦೦೦ ಜನರನ್ನಾಗಲಿ ಮೀರಕೂಡದೆಂದು ಮಿತಿಯನ್ನಿಟ್ಟಿತು. ಶಸ್ತ್ರಚಿಕಿತ್ಸೆಗಳಿಗೆ ಬೇರೆ ಶುಲ್ಕವನ್ನು ವಿಧಿಸಿತು. ಔಷಧದ ಹೊರೆ ಮಾತ್ರ ವೈದ್ಯನ ಮೇಲೆಯೇ ಉಳಿಯಿತು. ಕ್ವಿನೈನು, ಕಾಡ್ ಮೀನಿನ ಎಣ್ಣೆ ಮೊದಲಾದ ದುಬಾರಿ ಮದ್ದುಗಳನ್ನು ಮಂಡಲಿಗಳೇ ಒದಗಿಸಬೇಕೆಂದು ಪಾರ್ಲಿಮೆಂಟಿನ ಸಮಿತಿಯೊಂದು ಶಿಫಾರಸು ಮಾಡಿದುದು ೧೮೬೪ರಲ್ಲಿ. ಅಲ್ಲಿಯವರೆಗೆ ಚಳಿಜ್ವರದ ಬಡವನಿಗೆ ಕ್ವಿನೈನು ದೊರೆತಿದ್ದರೆ, ಅದು ಬಹುಮಟ್ಟಿಗೆ ವೈದ್ಯನ ದಯೆಯಿಂದಲೇ ಹೊರತು ಒಪ್ಪಂದದ ಬಲದಿಂದಲ್ಲ.

ಆಶ್ಚರ್ಯವೆಂದರೆ, ಇವೇ ಮಂಡಲಿಗಳ ಕೈಯಲ್ಲಿ ಇದೇ ಕಾಲದಲ್ಲಿ ಇನ್ನೊಂದು ಬಗೆಯ ಒಪ್ಪಂದವೂ ಇದ್ದಿತು. ಸಿಡುಬಿನ ನಿವಾರಣೆಗೆ ದೇವಿ ಹಾಕಲು ವೈದ್ಯರೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂದು ೧೮೪೦ರ ಕಾನೂನು ವಿಧಿಸಿತು. ಹಣವು ಸಫಲವಾಗಿ ದೇವಿ ಎದ್ದವರ ಸಂಖ್ಯೆಯನ್ನು ಅನುಸರಿಸತಕ್ಕುದಾಗಿದ್ದಿತು. ಇಲ್ಲಿ ದುಡಿದಷ್ಟೂ ವೈದ್ಯನಿಗೆ ಲಾಭ. ಆದರೆ ಬಡವರ ಮಂಡಲಿಯು ಕೊಡುವುದನ್ನು ಪಡೆದರೆ ಭಿಕ್ಷುಕರ ಪಟ್ಟಿಗೆ ಸೇರಿದಂತಾಗುವುದೆಂಬ ಅಂಜಿಕೆ ಜನರಲ್ಲಿದ್ದಿತು. ದೇವಿ ಹಾಕಿಸಿಕೊಳ್ಳುವುದು ಬಡವರ ಪರಿಹಾರದಲ್ಲಿ ಸೇರತಕ್ಕುದಲ್ಲವೆಂದು ೧೮೪೧ರಲ್ಲಿ ಇನ್ನೊಂದು ಕಾನೂನು ಸಾರಬೇಕಾಯಿತು. ಒಪ್ಪಂದದ ಕರಾರನ್ನಷ್ಟೇ ನೋಡುವ ವಿದ್ವಾಂಸರು ಈ ಅಂಜಿಕೆಯನ್ನು ಮರೆಯುವುದುಂಟು.

೧೯೪೮ರಲ್ಲಿ ರಾಷ್ಟ್ರೀಯ ಆರೋಗ್ಯಸೇವೆಯು ಪ್ರಾರಂಭವಾದಾಗಲೂ ಕುಟುಂಬವೈದ್ಯರು ನೌಕರರಾಗದೆ ಸ್ವತಂತ್ರ ಗುತ್ತಿಗೆದಾರರಾಗಿಯೇ ಉಳಿದರು. ೨೦೧೩ರಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆ ಸ್ಥಳೀಯ ಸಂಸ್ಥೆಗಳಿಗೆ ಮತ್ತೆ ಬಂದಿತು. ಅವು ಅನೇಕ ಸೇವೆಗಳನ್ನು ಟೆಂಡರಿನ ಮೂಲಕವೇ ಹಂಚಿದುವು. ೨೦೨೪ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಕೆಲಸವನ್ನು ತೃಪ್ತಿಕರವಾಗಿ ನಡೆಸುತ್ತಿರುವವರಿಗೆ ಕೆಲವು ಸಂದರ್ಭಗಳಲ್ಲಿ ಸ್ಪರ್ಧೆಯಿಲ್ಲದೆಯೂ ಅದನ್ನು ಮುಂದುವರಿಸಿ ಕೊಡಬಹುದಾಗಿದೆ.