ಕ್ಯಾಮೆರಾ ಯಾರ ಕೈಲಿದೆ?



ಏಪ್ರಿಲ್ 14 ಹತ್ತಿರ ಬಂತು. ಶಿರವಾಡದಲ್ಲಿ ನಾವು ಮಾಡಿದ ಜಯಂತಿಗಳ ಹಳೇ ಫೋಟೊ ನಿನ್ನೆ ನೋಡ್ತಾ ಕೂತಿದ್ದೆ. ಪ್ರತಿ ಫೋಟೊದಲ್ಲೂ ಹುಡುಗಿಯರಿದ್ದಾರೆ. ದೀಪ ಹಿಡಿದು, ಹೂ ಹಿಡಿದು ಮುಂದೆ ನಿಂತಿದ್ದಾರೆ. ತೆಗೆದವರು ಮಾತ್ರ ಎಲ್ಲ ಗಂಡಸರೇ. ನಾನೂ ಅವರಲ್ಲೊಬ್ಬ.

ಕ್ಯಾಮೆರಾಕ್ಕೂ ನಮಗೂ ಇರುವ ನಂಟು ಹಳೆಯದು, ಕಹಿಯಾದದ್ದು. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ 8 ಸಂಪುಟ ತಂದಿತು. ಜಾತಿಗೊಂದು ಫೋಟೊ, ಪಕ್ಕದಲ್ಲಿ ಆ ಜನರ ಗುಣದ ಬಗ್ಗೆ ಸಾಹೇಬರ ತೀರ್ಪು. 1909ರಲ್ಲಿ ಮದ್ರಾಸಿನ ಎಡ್ಗರ್ ಥರ್ಸ್ಟನ್ 7 ಸಂಪುಟ ತಂದ. ಆತ ಫೋಟೊ ತೆಗೆದಿದ್ದಲ್ಲದೆ ಜನರ ಮೂಗನ್ನೂ ಅಳೆದಿದ್ದ. ಆ ಫೋಟೊಗಳಲ್ಲಿ ಮುಖ ನಮ್ಮದು, ಮಾತು ಅವರದು.

ಈಗ ಬದಲಾಗಿದೆಯಾ? 2021ರಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ಪದ್ಮಶ್ರೀ ತಗೊಂಡ ಫೋಟೊ ದೇಶಕ್ಕೆಲ್ಲ ಗೊತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ದುಡಿದ ಆ ಹಾಲಕ್ಕಿ ತಾಯಿ ಬೀಜದ ಬಗ್ಗೆ, ಗಿಡದ ಬಗ್ಗೆ ಏನು ಹೇಳ್ತಿದ್ರು? ಅದನ್ನ ಕೇಳಿದವರು ಎಷ್ಟು ಜನ?

ಈ ಲೆಕ್ಕವನ್ನ ತಿರುಗಿಸಿದವರೂ ಇದ್ದಾರೆ. ಬೀದರ್ ಗಡಿಯಾಚೆ, ಜಹೀರಾಬಾದ್ ಹತ್ತಿರದ ಪಸ್ತಾಪುರ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಂಗಸರು 1990ರ ದಶಕದ ಕೊನೆಗೆ ವಿಡಿಯೊ ಕ್ಯಾಮೆರಾ ಹಿಡಿದರು. ಹೆಚ್ಚಿನವರಿಗೆ ಓದು ಬರಹ ಇಲ್ಲ, ಹೊಲದ ಕೆಲಸ. ಕ್ಯಾಮೆರಾ ಭಾಷೆಗೆ ಅವರು ತಮ್ಮದೇ ಹೆಸರಿಟ್ಟರು. ಮೇಲಿಂದ ಕೆಳಕ್ಕೆ ನೋಡಿದರೆ 'ಪಟೇಲ್ ಶಾಟ್'. ಕೆಳಗಿಂದ ಮೇಲಕ್ಕೆ ನೋಡಿದರೆ ಜೀತದವರ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ ನೋಡಿದರೆ 'ಸಂಘಂ ಶಾಟ್'. ಜಾತಿಯನ್ನ ಇಷ್ಟು ಸರಳವಾಗಿ ಯಾವ ಪ್ರೊಫೆಸರೂ ನನಗೆ ಹೇಳಿಕೊಟ್ಟಿಲ್ಲ ಮಾರಾಯ್ರೆ.

ನಮ್ಮ ರಾಜ್ಯದಲ್ಲೂ ನಡೆದಿದೆ. 2010ರ ಆಸುಪಾಸು ಮೈಸೂರು ಜಿಲ್ಲೆಯಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ 'ಕಿಶೋರಿ ಚಿತ್ರಪಟ' ಅಂತ ಮಾಡಿತು. ಶಾಲೆ ಬಿಟ್ಟ ಹಳ್ಳಿ ಹುಡುಗಿಯರಿಗೆ ಫೋಟೊ ತೆಗೆಯೋದು, ದನಿ ಮುದ್ರಿಸೋದು, ವಿಡಿಯೊ ಮಾಡೋದು ಕಲಿಸಿದರು.

ಇದರಲ್ಲಿ ಮಾಯ ಏನಿಲ್ಲ. "ನಿನ್ನ ಕಷ್ಟ ಹೇಳು" ಅಂದರೆ ಹುಡುಗಿ ತಲೆ ತಗ್ಗಿಸ್ತಾಳೆ. "ಈ ನಲ್ಲಿ ಫೋಟೊ ಯಾಕೆ ತೆಗೆದೆ?" ಅಂತ ಕೇಳಿ, ನೀರು ಯಾವ ಕೇರಿಗೆ ಬರುತ್ತೆ, ಯಾವ ಕೇರಿಗೆ ಬರಲ್ಲ, ಎಲ್ಲಾ ಹೇಳ್ತಾಳೆ. ಫೋಟೊ ಅವಳದೇ ಆದ್ದರಿಂದ ಪಂಚಾಯ್ತಿಯಲ್ಲಿ ಅದೇ ಸಾಕ್ಷಿ, ಮಾತಾಡೋಕೆ ಅದೇ ಧೈರ್ಯ.

ಆದರೆ ನಮ್ಮ ಮನೆಗಳಲ್ಲೇ ಮಗನಿಗೆ ಫೋನು, ಮಗಳಿಗೆ ಅನುಮಾನ. "ಹುಡುಗಿ ಹಾಳಾಗ್ತಾಳೆ" ಅಂತ ಕಿತ್ತಿಟ್ಟುಕೊಳ್ಳೋರಲ್ಲಿ ಬಾಬಾಸಾಹೇಬರ ಫೋಟೊ ಗೋಡೆ ಮೇಲಿಟ್ಟವರೂ ಇದ್ದಾರೆ. ಮನೆಯಲ್ಲಿ ನಾವೂ ಪಟೇಲ್ ಶಾಟೇ ತೆಗೀತಿದ್ದೀವಿ ಅಂದಹಾಗಾಯ್ತು.

ಈ ಸಲ ಒಂದು ಕೆಲಸ ಮಾಡೋಣ. ಜಯಂತಿ ದಿನ ಫೋನು ಹುಡುಗಿಯರ ಕೈಗೆ ಕೊಡೋಣ. ಏನು ತೆಗೀಬೇಕು ಅಂತ ನಾವು ಹೇಳೋದು ಬೇಡ. ಮಾರನೇ ದಿನ ಎಲ್ಲರೂ ಕೂತು ಆ ಫೋಟೊ ನೋಡೋಣ, ಅವರು ಮಾತಾಡಲಿ. ದೀಪ ನಾನು ಹಿಡೀತೀನಿ.

ಜೈ ಭೀಮ್. ಜೈ ಸಾವಿತ್ರಿ.