ಸುದ್ದಿ ಬರೆದವನೇ ತೀರ್ಪು ಕೊಟ್ಟಾಗ

ಚಲನಚಿತ್ರವೊಂದು ಇತಿಹಾಸಕ್ಕೆ ಆಕರವಾಗಬಲ್ಲದೇ? ಆಗಬಲ್ಲದು, ಆದರೆ ಅದನ್ನು ನೋಡುವ ಕ್ರಮ ನಮಗೆ ತಿಳಿದಿರಬೇಕು. 1988 ರ ತೆಲುಗು ಚಿತ್ರ ‘ಅಂತಿಮ ತೀರ್ಪು’ ಇದಕ್ಕೊಂದು ಉದಾಹರಣೆ.

ಈ ಕಥೆ ಮೊದಲು ತೆರೆಗೆ ಬಂದದ್ದು 1987 ರಲ್ಲಿ, ‘ನ್ಯೂ ಡೆಲ್ಲಿ’ ಎಂಬ ಮಲಯಾಳಂ ಚಿತ್ರವಾಗಿ. ಬರೆದವರು ಡೆನ್ನಿಸ್ ಜೋಸೆಫ್, ನಿರ್ದೇಶಿಸಿದವರು ಜೋಷಿ, ನಾಯಕ ಮಮ್ಮುಟ್ಟಿ. ಮರುವರ್ಷ ಜೋಷಿಯವರೇ ಅದನ್ನು ಇನ್ನೂ ಮೂರು ಭಾಷೆಗಳಲ್ಲಿ ತೆಗೆದರು. ಹಿಂದಿಯಲ್ಲಿ ಜಿತೇಂದ್ರ, ತೆಲುಗಿನಲ್ಲಿ ಕೃಷ್ಣಂರಾಜು, ನಮ್ಮ ಕನ್ನಡದಲ್ಲಿ ಅಂಬರೀಶ್ ಆ ಪತ್ರಕರ್ತನಾದರು.

ಕಥೆ ಹೀಗಿದೆ: ಅಧಿಕಾರದಲ್ಲಿರುವವರ ಅತ್ಯಾಚಾರವನ್ನು ಬಯಲಿಗೆಳೆಯಲು ಹೊರಟ ಪತ್ರಕರ್ತನ ಮೇಲೆ ಸುಳ್ಳು ಮೊಕದ್ದಮೆ ಬೀಳುತ್ತದೆ. ಅವನ ಕೈಕಾಲು ಮುರಿದು ಜೈಲಿಗೆ ಹಾಕುತ್ತಾರೆ. ಹೊರಬಂದ ಮೇಲೆ ಅವನು ತನ್ನದೇ ಪತ್ರಿಕೆ ಆರಂಭಿಸುತ್ತಾನೆ. ಜೈಲಿನ ಗೆಳೆಯರಿಂದ ತಪ್ಪಿತಸ್ಥರನ್ನು ಕೊಲ್ಲಿಸಿ, ಆ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಾನೇ ಅಚ್ಚು ಹಾಕುತ್ತಾನೆ!

ಇಂಥವನಿಗೆ ಪ್ರೇಕ್ಷಕರು ಏಕೆ ಚಪ್ಪಾಳೆ ತಟ್ಟಿದರು? ಆ ವರ್ಷಗಳನ್ನು ನೆನಪಿಸಿಕೊಳ್ಳಿ. 1985 ರಲ್ಲಿ ವಿಜಯವಾಡದಲ್ಲಿ ‘ಎನ್‌ಕೌಂಟರ್’ ಪತ್ರಿಕೆಯ ಸಂಪಾದಕ ಪಿಂಗಳಿ ದಶರಥರಾಮ್ ಅವರ ಕೊಲೆಯಾಯಿತು. 1988 ರಲ್ಲಿ ಗಢವಾಲಿನಲ್ಲಿ ಮದ್ಯದ ದಂಧೆಯ ಬಗ್ಗೆ ಬರೆದ ಉಮೇಶ್ ಡೋಭಾಲ್ ಹತರಾದರು. ಅದೇ ವರ್ಷ ಕೇಂದ್ರ ಸರ್ಕಾರ ಮಾನಹಾನಿ ಮಸೂದೆಯನ್ನು ತಂದಿತು. ದೇಶದಾದ್ಯಂತ ಪತ್ರಕರ್ತರು ಬೀದಿಗಿಳಿದ ಮೇಲೆ ಅದನ್ನು ಕೈಬಿಟ್ಟಿತು. ಸತ್ಯ ಬರೆದವನಿಗೆ ರಕ್ಷಣೆಯಿಲ್ಲ ಎಂಬ ಜನರ ಸಿಟ್ಟು ಸಿನಿಮಾ ಹುಟ್ಟಿಸಿದ್ದಲ್ಲ. ಬೀದಿಯಲ್ಲಿದ್ದ ಸಿಟ್ಟಿಗೆ ಅದು ಮುಖ ಕೊಟ್ಟಿತು, ಅಷ್ಟೆ.

ಆದರೆ ಆ ವರ್ಷದ ಮತ್ತೊಂದು ದೃಶ್ಯವನ್ನೂ ನೋಡಿ. ಬೊಫೋರ್ಸ್ ಫಿರಂಗಿ ಖರೀದಿಯಲ್ಲಿ ಲಂಚ ನಡೆದಿದೆ ಎಂದು 1987 ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೋ ಹೇಳಿತ್ತು. 1988 ರಲ್ಲಿ ಮದರಾಸಿನ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರಾ ಸುಬ್ರಮಣ್ಯಂ ಮತ್ತು ಎನ್. ರಾಮ್ ಅದರ ಮೂಲ ದಾಖಲೆಗಳನ್ನೇ ಪ್ರಕಟಿಸಿದರು. ಅಲ್ಲಿ ಬಂದೂಕು ಹಾರಲಿಲ್ಲ, ಯಾರ ಕಾಲೂ ಮುರಿಯಲಿಲ್ಲ. ಕಾಗದಗಳು ಮಾತಾಡಿದವು. 1989 ರ ಚುನಾವಣೆಯಲ್ಲಿ ಆ ವಿಷಯ ದೇಶದ ಮನೆಮನೆಗೂ ತಲುಪಿತ್ತು.

ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ನಮ್ಮಲ್ಲಿ ಕೆಲವರು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಹೊಂದುವ ಅಳತೆಗಳನ್ನು ಆಮೇಲೆ ತುಂಬುತ್ತಿದ್ದೆವು. ಅಂಕ ಸಿಗುತ್ತಿತ್ತು, ಆದರೆ ಕಲಿತದ್ದು ಏನೂ ಇಲ್ಲ. ಚಿತ್ರದ ನಾಯಕ ಮಾಡುವುದೂ ಇದನ್ನೇ. ಅವನು ಕಂಡದ್ದನ್ನು ಬರೆಯುವುದಿಲ್ಲ, ಬರೆಯಬೇಕಾದದ್ದನ್ನು ಆಗಮಾಡುತ್ತಾನೆ. ಅವನಿಗಾದ ಅನ್ಯಾಯ ನಿಜ, ಅವನ ನೋವೂ ನಿಜ. ಆದರೂ ವರದಿಗಾರ, ನ್ಯಾಯಾಧೀಶ, ಗಲ್ಲಿಗೇರಿಸುವವ, ಈ ಮೂವರೂ ಒಬ್ಬನೇ ಆದ ದಿನ ಅವನ ತಪ್ಪನ್ನು ತಿದ್ದುವವರು ಯಾರು?

ಈಗ ನಿಮ್ಮ ಸರದಿ. ನಾಳೆ ಮನೆಗೆ ಬರುವ ಪತ್ರಿಕೆಯಿಂದ ಒಂದು ಸುದ್ದಿಯನ್ನು ಆರಿಸಿಕೊಳ್ಳಿ. ಅದರಲ್ಲಿ ದಾಖಲೆ ಯಾವುದು, ಸಾಕ್ಷಿಯ ಮಾತು ಯಾವುದು, ಬರೆದವರ ತೀರ್ಪು ಯಾವುದು? ಮೂರಕ್ಕೂ ಬೇರೆ ಬೇರೆ ಗೆರೆ ಎಳೆದು ತರಗತಿಯಲ್ಲಿ ಚರ್ಚಿಸಿ. ಮೊದಲ ಎರಡು ಗೆರೆ ಕಡಿಮೆಯಾಗಿ ಮೂರನೆಯದೇ ಹೆಚ್ಚಾಗಿದ್ದರೆ, ಚಪ್ಪಾಳೆ ತಟ್ಟುವ ಮುನ್ನ ಒಂದು ಕ್ಷಣ ಯೋಚಿಸಿ.