ನಮ್ಮ ಕರಾವಳಿಯ ಮನೆಗಳ ಕಾಚಪಾತ್ರೆಗಳ ಕಾಲನಿರ್ಣಯ

ಭಟ್ಕಳ, ಹೊನ್ನಾವರ, ಕುಮಟೆಗಳ ಹಳೆಯ ಮನೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ಗಾಜಿನ ಪನ್ನೀರುದಾನಿ, ಅತ್ತರಿನ ಕುಪ್ಪಿ, ಬಣ್ಣದ ಹೂದಾನಿ, ಝುಂಬರ, ತೂಗುದೀಪ ಮೊದಲಾದುವನ್ನು ತೋರಿಸುವಾಗ ಮನೆಯವರು ಹೇಳುವ ಮಾತು ಬಹುತರವಾಗಿ ಒಂದೇ: ‘ಇದು ಪೋರ್ತುಗೀಸರ ಕಾಲದ್ದು.’ ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು. ಇದು ಬರಿಯ ಕುತೂಹಲದ ವಿಷಯವಲ್ಲ. ಮನೆಗಳು ಪಾಲಾಗುತ್ತಿವೆ, ಜೋಡಿ ದೀಪಗಳಲ್ಲಿ ಒಂದು ಅಣ್ಣನಿಗೆ, ಇನ್ನೊಂದು ತಮ್ಮನಿಗೆ ಹೋಗುತ್ತಿವೆ. ಹಳೆಯ ಸಾಮಾನು ಕೊಳ್ಳುವವನು ಬಂದು ‘ಇದು ಪೋರ್ತುಗೀಸರದಲ್ಲ, ಸಾಧಾರಣ ಗಾಜು’ ಎಂದೊಡನೆ, ಆ ಮಾತಿನ ಪೂರ್ವಾರ್ಧವು ನಿಜವಾಗಿರುವುದರಿಂದ ಉತ್ತರಾರ್ಧವನ್ನೂ ನಂಬಿ, ಮನೆಯವರು ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ.

ಪೋರ್ತುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದುದು ೧೫೬೯ರಲ್ಲಿ. ಕೆಳದಿಯ ಶಿವಪ್ಪನಾಯಕನು ಅದನ್ನು ಅವರಿಂದ ಕಸಿದುಕೊಂಡುದು ೧೬೫೪ರಲ್ಲಿ. ಅವರಿಗೆ ಇಲ್ಲಿ ಬೇಕಾಗಿದ್ದುದು ಮುಖ್ಯವಾಗಿ ಮೆಣಸು. ಆದರೆ ನಮ್ಮ ಮನೆಗಳಲ್ಲಿರುವ ಗಾಜು ಹೇಳುವ ಕಾಲವೇ ಬೇರೆ. ಕರಗಿದ ಗಾಜನ್ನು ಯಂತ್ರದಿಂದ ಅಚ್ಚಿನೊಳಕ್ಕೆ ಒತ್ತಿ ತಟ್ಟೆ ಬಟ್ಟಲುಗಳನ್ನು ಮಾಡುವ ಕ್ರಮವು ಅಮೆರಿಕೆಯಲ್ಲಿ ೧೮೨೦ರ ದಶಕದಲ್ಲಿ ಹುಟ್ಟಿತು. ತಿಳಿಗಾಜಿನ ಮೇಲೆ ಮಾಣಿಕ್ಯವರ್ಣವನ್ನು ತೆಳ್ಳಗೆ ಏರಿಸಿ, ಅದನ್ನು ಕೊರೆದು ಬಿಳಿಯ ಬಳ್ಳಿ ತೋರಿಸುವ ವಿದ್ಯೆಯು ಬೊಹೇಮಿಯದ ಏಗರ್ಮನ್ನನಿಂದ ೧೮೩೦ರ ದಶಕದಲ್ಲಿ ಬಳಕೆಗೆ ಬಂದುದು. ಗಿಳಿಹಸುರು ಛಾಯೆಯ ಯುರೇನಿಯಂ ಗಾಜೂ ಅದೇ ದೇಶದ್ದು, ಅದೇ ದಶಕದ್ದು. ಇಂದು ಅತಿನೇರಳೆ ಕಿರಣದ ಕೈದೀಪವನ್ನು ಕತ್ತಲಲ್ಲಿ ಹಿಡಿದರೆ ಅದು ಹಸುರಾಗಿ ಬೆಳಗುವುದನ್ನು ಯಾರೂ ನೋಡಬಹುದು. ‘ಪೋರ್ತುಗೀಸರ ಕಾಲದ ಬೆಲ್ಜಿಯಂ ಗಾಜು’ ಎಂದು ಒಂದೇ ಉಸಿರಿನಲ್ಲಿ ಹೇಳುವವರೂ ಉಂಟು. ಬೆಲ್ಜಿಯಂ ಸ್ವತಂತ್ರರಾಜ್ಯವಾದುದೇ ೧೮೩೦ರಲ್ಲಿ!

ಗಾಜಿನ ಜಾತಿಯನ್ನರಿಯಲು ನಮ್ಮ ಶಾಸ್ತ್ರಗ್ರಂಥಗಳೂ ಒಂದು ದಾರಿಯನ್ನು ತೋರಿಸುತ್ತವೆ. ಸುಶ್ರುತಸಂಹಿತೆಯ ಅನ್ನಪಾನವಿಧಿಯಲ್ಲಿ ಕಾಚ, ಸ್ಫಟಿಕಗಳ ಪಾತ್ರೆಗಳು ಬೇರೆಬೇರೆಯಾಗಿ ಉಕ್ತವಾಗಿವೆ. ಅಮರಕೋಶವಾದರೋ ಕ್ಷಾರ, ಕಾಚ ಎಂಬಿವೆರಡನ್ನು ಪರ್ಯಾಯಪದಗಳಾಗಿ ಹೇಳುತ್ತದೆ. ಇದು ಅರ್ಥವಿಲ್ಲದ ಮಾತಲ್ಲ. ಮರಳನ್ನು ಕರಗಿಸುವುದು ಕ್ಷಾರವೇ. ಬೊಹೇಮಿಯದವರು ಕಾಡಿನ ಮರದ ಬೂದಿಯ ಕ್ಷಾರವನ್ನು ಬಳಸಿದರು. ಅವರ ಗಾಜು ಗಟ್ಟಿ, ಕೊರೆಯುವುದಕ್ಕೂ ಚಿನ್ನದ ನೀರಿನ ಚಿತ್ತಾರಕ್ಕೂ ಯೋಗ್ಯ. ಇಂಗ್ಲೆಂಡಿನ ಉತ್ತಮ ಗಾಜಿನಲ್ಲಿ ಸೀಸದ ಭಸ್ಮವಿರುವುದು. ರೇವನ್ಸ್‌ಕ್ರಾಫ್ಟನು ಇದಕ್ಕೆ ಸನದು ಪಡೆದುದು ೧೬೭೪ರಲ್ಲಿ. ಸೀಸದ ಗಾಜು ಕೈಗೆ ತೂಕವಾಗಿ ಹತ್ತುತ್ತದೆ. ಬಟ್ಟಲಿನ ಅಂಚನ್ನು ಉಗುರಿನಿಂದ ಮೆಲ್ಲನೆ ತಟ್ಟಿದರೆ ಕಂಚಿನಂತೆ ದೀರ್ಘವಾಗಿ ನುಡಿಯುತ್ತದೆ. ಸೋಡದ ಅಗ್ಗದ ಗಾಜು ಟಕ್ಕೆಂದು ನಿಲ್ಲುತ್ತದೆ.

ಪಾತ್ರೆಯನ್ನು ಬೋರಲು ಹಾಕಿ ನೋಡುವುದು ಎಲ್ಲಕ್ಕಿಂತ ಮುಖ್ಯವು. ಊದಿ ಮಾಡಿದ ಪಾತ್ರೆಯನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯನ್ನು ಮುರಿದು ತೆಗೆದಾಗ ತಳದ ನಡುವೆ ಹೊಕ್ಕುಳಿನಂಥ ಒರಟು ಕಲೆ ಉಳಿಯುತ್ತದೆ. ಒಳ್ಳೆಯ ಕುಶಲಿಯು ಅದನ್ನು ಸಾಣೆ ಹಿಡಿದು ನುಣ್ಣನೆಯ ಗುಳಿಯಾಗಿ ಮಾಡಿರುತ್ತಾನೆ. ಒಳಮೈ ನುಣುಪಾಗಿ, ಚಿತ್ತಾರವು ಹೊರಮೈಯಲ್ಲಿ ಮಾತ್ರ ಇದ್ದು, ಅದರ ಏಣುಗಳು ಬೆರಳಿಗೆ ದುಂಡಾಗಿ ತಗಲಿ, ಅಚ್ಚಿನ ಭಾಗಗಳು ಕೂಡಿದ ಗೆರೆ ಕಂಡರೆ ಅದು ಒತ್ತಿದ ಗಾಜು. ಕೈಯಿಂದ ಕೊರೆದುದಾದರೆ ಏಣು ಹರಿತವಾಗಿಯೇ ಇರುವುದು. ಇನ್ನು ತಳದ ಸವೆತ: ನೂರು ವರ್ಷ ಮರದ ಮೇಲೆ ನಿಂತ ಪಾತ್ರೆಗೆ ನಾನಾ ದಿಕ್ಕಿನ ಸಣ್ಣ ಗೀರುಗಳಿರಬೇಕು. ಒಂದೇ ದಿಕ್ಕಿಗೆ ಸಾಲಾಗಿ ಗೀರಿದ್ದರೆ ಯಾರೋ ಉಜ್ಜಿ ಮುಪ್ಪು ತಂದಿದ್ದಾರೆಂದು ಶಂಕಿಸಬೇಕು.

ಹಾಗಾದರೆ ಇವು ನಮ್ಮಲ್ಲಿಗೆ ಬಂದ ಬಗೆ ಹೇಗೆ? ನನ್ನ ಮತದಲ್ಲಿ ಇದಕ್ಕೆ ಉತ್ತರವಿರುವುದು ಕೋಟೆಯಲ್ಲಲ್ಲ, ಹತ್ತಿಯ ಗಂಟಿನಲ್ಲಿ. ಧಾರವಾಡ ಪ್ರಾಂತದ ಹತ್ತಿಯು ಸಿರ್ಸಿಯ ಮೇಲಿಂದ ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೂ, ಅಲ್ಲಿಂದ ಮುಂಬಯಿಗೂ ಹೋಗುತ್ತಿದ್ದಿತು. ಕುಮಟೆಯಲ್ಲಿ ಬೆಳೆಯದ ಆ ಹತ್ತಿಗೆ ವಿಲಾಯತಿಯ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕೆಯ ಅಂತರ್ಯುದ್ಧದ ದೆಸೆಯಿಂದ ಬೆಲೆ ಏರಿ ವರ್ತಕರ ಕೈಯಲ್ಲಿ ಹಣವಾಡಿತು. ಉತ್ತರಕನ್ನಡವು ಮುಂಬಯಿ ಇಲಾಖೆಗೆ ಸೇರಿದುದು ಅದೇ ಕಾಲದಲ್ಲಿ, ೧೮೬೨ರಲ್ಲಿ. ಹತ್ತಿ ಹೊತ್ತು ಹೋದ ಮಚವೆಗಳು ಬರಿದಾಗಿ ಮರಳಲಿಲ್ಲವೆಂದೂ, ಮುಂಬಯಿಗೆ ಬಂದಿಳಿದ ಯೂರೋಪಿನ ಗಾಜು ಹೀಗೆಯೇ ನಮ್ಮ ಜಗಲಿಗಳನ್ನು ಸೇರಿತೆಂದೂ ಊಹಿಸುವುದು ಯುಕ್ತವು. ಭಟ್ಕಳದ ಮಾತು ಸ್ವಲ್ಪ ಬೇರೆ. ಅಲ್ಲಿಯ ನವಾಯತ ವರ್ತಕರು ಮುಂಬಯಿಯಲ್ಲಷ್ಟೇ ಅಲ್ಲ, ಮದರಾಸು, ಕಲಕತ್ತೆ, ಕೊಲಂಬೊಗಳಲ್ಲಿಯೂ ವ್ಯಾಪಾರ ಹೂಡಿದವರು. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಸಂಸ್ಥೆಯು ಕಲಕತ್ತೆಯಲ್ಲಿಯೇ ಮಳಿಗೆ ತೆರೆದು ಝುಂಬರಗಳನ್ನು ಮಾರುತ್ತಿದ್ದಿತು. ಆದುದರಿಂದ ಭಟ್ಕಳದ ದೀಪಗಳಲ್ಲಿ ತಯಾರಕರ ಮುದ್ರೆಯನ್ನು ಹಿತ್ತಾಳೆಯ ಭಾಗಗಳ ಮೇಲೂ ಹುಡುಕಬೇಕು. ಈ ಗಾಜು ಪೋರ್ತುಗೀಸರದಲ್ಲವೆಂದಾಗ ನಮಗೆ ನಷ್ಟವೇನೂ ಇಲ್ಲ. ಪರರ ಕೋಟೆಯ ಕಥೆ ಹೋಗಿ ನಮ್ಮವರ ವ್ಯಾಪಾರದ ಚರಿತ್ರೆ ಸಿಕ್ಕಿತು.

ಈಚಿನವುಗಳ ವಿಷಯ ಸುಲಭ. ಚೆಕೊಸ್ಲೊವಾಕಿಯ ಎಂಬ ಮುದ್ರೆಯಿದ್ದರೆ ಅದು ೧೯೧೮ಕ್ಕಿಂತ ಹಿಂದಿನದಾಗಿರಲಾರದು. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿನ ಸರಕು ನಿಂತಾಗ ಜಪಾನಿನ ಗಾಜು ತುಂಬಿ ಬಂದಿತು. ಸ್ವದೇಶೀ ಚಳವಳಿಯ ಫಲವಾದ ತಳೇಗಾವದ ಪೈಸಾ ಫಂಡ್ ಕಾರ್ಖಾನೆ ೧೯೦೮ರದು, ಒಗಲೆವಾಡಿಯದು ೧೯೧೬ರದು. ಒಗಲೆಯವರ ‘ಪ್ರಭಾಕರ’ ಕಂದೀಲನ್ನು ವಿಲಾಯತಿಯದೆಂದು ಹೆಮ್ಮೆಯಿಂದ ತೋರಿಸುವವರನ್ನು ನಾನು ಕಂಡಿದ್ದೇನೆ.

ಪಾಲು ಮಾಡುವಾಗ ಯಾವ ವಸ್ತುವನ್ನು ಯಾರು ಯಾವ ಊರಿನಿಂದ ತಂದರೆಂದು ಹಿರಿಯರಿಂದ ಕೇಳಿ ಬರೆದಿಡಬೇಕು. ಮುದ್ರೆಯಿಲ್ಲದ ಗಾಜಿಗೆ ಅದೇ ಸಾಕ್ಷಿ. ಚಿನ್ನದ ರೇಖೆಯಿದ್ದಲ್ಲಿ ಹುಣಿಸೆಹಣ್ಣಾಗಲಿ ಬೂದಿಯಾಗಲಿ ಮುಟ್ಟಿಸಬಾರದು. ಕ್ಷಾರ ಹೆಚ್ಚಾದ ಗಾಜು ನಮ್ಮ ಮಳೆಗಾಲದ ತೇವಕ್ಕೆ ಬೆವರುತ್ತದೆ, ಮಂಜಾಗುತ್ತದೆ, ಕ್ರಮೇಣ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಂಥದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಮುಚ್ಚಿಡದೆ ಗಾಳಿಯಾಡುವ ಕಪಾಟಿನಲ್ಲಿಡಬೇಕು. ಅತ್ತರಿನ ಕುಪ್ಪಿಗಳ ಬಿರಡೆಯನ್ನು ತೆಗೆದು ಪಕ್ಕದಲ್ಲಿಡಬೇಕು.